ಒಂದು ಕಬ್ಬಿಣವೋ ಎರಡೋ: ಲೊಟ್ಟೆಯ ಬಾಯಿ, ನನ್ನ ಎಡಗೈ

ಕಳೆದ ವರ್ಷ ಅಕ್ಟೋಬರಿನಲ್ಲಿ ಅಮ್ಮನಿಗೆ ಒಂದು ಫೋಟೋ ಕಳಿಸಿದ್ದೆ. ಕುದುರೆಯ ಮೇಲೆ ನಾನು, ಕಪ್ಪು ಕೋಟು, ಬಿಳಿ ಪ್ಯಾಂಟು, ಕುದುರೆಗೆ ನಾನು ಆಗಷ್ಟೇ ತಗೊಂಡಿದ್ದ ಡಬಲ್ ಬ್ರೈಡಲ್, ಅಂದರೆ ಜೋಡಿ ಕಡಿವಾಣ. ಅದರ ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ನೋಡಿ ನೋಡಿ ನನಗೇ ಹೆಮ್ಮೆ. ಐದು ನಿಮಿಷಕ್ಕೆ ಪುತ್ತೂರಿನಿಂದ ಫೋನ್ ಬಂತು.

"ಎಂತ ಕೂಸೇ, ಅದರ ಬಾಯಿಗೆ ಎರಡೆರಡು ಕಬ್ಬಿಣ ಹಾಕಿದ್ದೀಯಲ್ಲ, ಒಂದು ಸಾಲದಾ?"

ಅಮ್ಮ ಕುದುರೆಯನ್ನು ಹತ್ತಿರದಿಂದ ನೋಡಿದ್ದು ಮೈಸೂರು ದಸರಾದಲ್ಲಿ ಒಂದೇ ಸಲ. ಆದರೆ ನಮ್ಮ ಮನೆಯಲ್ಲಿ ಎತ್ತು, ಕೋಣ ಎಲ್ಲ ಇದ್ದವು. ಮೂಗುದಾರ ಹಿಡಿದವರಿಗೆ ಬಾಯಿಗೆ ಹಾಕಿದ ಕಬ್ಬಿಣ ಮೊದಲು ಕಣ್ಣಿಗೆ ಬೀಳುತ್ತದೆ ಅಂತ ಕಾಣುತ್ತೆ. ನಾನು ಹದಿನೈದು ನಿಮಿಷ ವಿವರಿಸಿದೆ. ಒಂದು ತೆಳು, ಇನ್ನೊಂದು ಸೂಕ್ಷ್ಮ ಸಂಜ್ಞೆಗೆ, ಒಲಿಂಪಿಕ್ಸಿನಲ್ಲಿ ಇದೇ ಕಡ್ಡಾಯ, ಹಾಗೆ ಹೀಗೆ. ಅಮ್ಮ ಎಲ್ಲ ಕೇಳಿ "ಹೂಂ" ಅಂದರು. ಆ ಹೂಂ ಎಂಥದ್ದು ಅಂತ ನಮ್ಮ ಕಡೆಯವರಿಗೆ ಗೊತ್ತು.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನಿರುವುದು ಜರ್ಮನಿಯ ಮ್ಯುನ್‌ಸ್ಟರ್ ಹತ್ತಿರ. ಇಲ್ಲಿ ಹಳ್ಳಿ ಹಳ್ಳಿಗೂ ಒಂದು ಕುದುರೆ ಸವಾರಿ ಸಂಘ ಇದೆ, ನಮ್ಮಲ್ಲಿ ಭಜನಾ ಮಂಡಳಿ ಇದ್ದ ಹಾಗೆ. ದೇಶದ ಕುದುರೆ ಸವಾರಿ ಒಕ್ಕೂಟದ ಕೇಂದ್ರ ಕಚೇರಿ ಇರುವ ವಾರೆಂಡೋರ್ಫ್ ಕೂಡ ಇಲ್ಲೇ ಪಕ್ಕ. ನನ್ನದು ಸ್ವಂತ ಕುದುರೆ ಅಲ್ಲ. ಒಬ್ಬ ನಿವೃತ್ತ ಟೀಚರಮ್ಮನ ಕುದುರೆಯಲ್ಲಿ ನಾನು ಪಾಲುದಾರಳು, ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ವಾರಕ್ಕೆ ಮೂರು ದಿನ ಸವಾರಿ ಮಾಡುತ್ತೇನೆ. ಇಲ್ಲಿ ಇದು ತುಂಬಾ ಸಾಮಾನ್ಯ. ಹ್ಯಾನೋವರ್ ತಳಿಯ ಹೆಣ್ಣು ಕುದುರೆ, ವಯಸ್ಸು 15, ಹೆಸರು ಲೊಟ್ಟೆ. ನಮ್ಮೂರಿನಲ್ಲಿ ಲೊಟ್ಟೆ ಅಂದರೆ ಸುಳ್ಳು. ಹೆಸರು ಕೇಳಿದ ದಿನ ಅಮ್ಮ ಬಿದ್ದು ಬಿದ್ದು ನಕ್ಕಿದ್ದರು.

ಡ್ರೆಸಾಜ್ ಅಂದರೆ ಏನು ಅಂತ ಉದ್ದಕ್ಕೆ ಹೇಳುವುದಿಲ್ಲ. ಕುದುರೆ ಕುಣಿಯುತ್ತದಲ್ಲ, ಅದು ಅಂತ ನಮ್ಮ ಆಫೀಸಿನ ಕನ್ನಡದ ಹುಡುಗರು ಹೇಳುತ್ತಾರೆ. ಸರಿ, ಅಷ್ಟು ಸಾಕು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಲ್ವರ ತಂಡ ಚಿನ್ನ ಗೆದ್ದಿತಲ್ಲ, ಅದೇ ಆಟ. ಆ ತಂಡದ ಅನುಷ್ ಅಗರ್‌ವಾಲಾ ತಯಾರಾಗಿದ್ದು ಇಲ್ಲೇ ಪಾಡರ್‌ಬಾರ್ನ್ ಹತ್ತಿರ. ಆ ವಾರ ನಮ್ಮ ಲಾಯದಲ್ಲಿ ನನಗೆ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ, ಗೆದ್ದವಳು ನಾನೇ ಅನ್ನುವ ಹಾಗೆ.

ಈಗ ಕಬ್ಬಿಣದ ವಿಷಯ. ಕನ್ನಡದಲ್ಲಿ ಕಡಿವಾಣ ಅನ್ನುವ ಒಳ್ಳೆ ಪದ ಇದೆ, ಆದರೆ ನಾವು ಅದನ್ನು ಬೆಲೆ ಏರಿಕೆಗೆ, ಭ್ರಷ್ಟಾಚಾರಕ್ಕೆ, ಜಾಸ್ತಿ ಮಾತಾಡುವ ಬಾಯಿಗೆ ಹಾಕಿ ಹಾಕಿ ನಿಜವಾದ ಕಡಿವಾಣ ಹೇಗಿರುತ್ತೆ ಅನ್ನುವುದನ್ನೇ ಮರೆತಿದ್ದೇವೆ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗ ಇರುತ್ತದೆ. ಕಡಿವಾಣ ಕೂರುವುದು ಅಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳ್ಳಗೆ ಒಂದು ಪದರ ವಸಡು ಬಿಟ್ಟರೆ ಬೇರೇನಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯನ್ನು ಮಂಚದ ಕಾಲಿಗೆ ಬಡಿದುಕೊಂಡು ನೋಡಿ, ಅಂಥ ಜಾಗ.

ಸ್ನ್ಯಾಫಲ್ ಅಂದರೆ ಸೀದಾ ಸಾದಾ ಕಡಿವಾಣ. ಬಾಯಿಯಲ್ಲಿ ಒಂದು ಕಂಬಿ, ನಡುವೆ ಒಂದೋ ಎರಡೋ ಕೀಲು, ಎರಡು ಕಡೆ ಬಳೆ, ಬಳೆಗೆ ಲಗಾಮು. ನಾನು ಇಲ್ಲಿ ಎಷ್ಟು ಎಳೆದರೆ ಅಲ್ಲಿ ಅಷ್ಟೇ. ಜರ್ಮನ್ನರು ಇದನ್ನು ಟ್ರೆನ್ಸೆ ಅನ್ನುತ್ತಾರೆ.

ಡಬಲ್ ಬ್ರೈಡಲ್‌ನಲ್ಲಿ ಬಾಯಿಗೆ ಎರಡು ಕಂಬಿ, ಕೈಗೆ ನಾಲ್ಕು ಲಗಾಮು. ಒಂದು ಬ್ರಿಡೂನ್, ಅಂದರೆ ತೆಳುವಾದ ಸ್ನ್ಯಾಫಲ್. ಇನ್ನೊಂದು ಕರ್ಬ್. ಇದಕ್ಕೆ ಕೀಲಿಲ್ಲ, ಎರಡೂ ಬದಿಗೆ ಕೆಳಮುಖವಾಗಿ ಉದ್ದನೆ ಕಾಲು, ಗಲ್ಲದ ಕೆಳಗೆ ಒಂದು ಸರಪಳಿ. ಲಗಾಮು ಹಿಡಿದರೆ ಕಾಲು ಹಿಂದಕ್ಕೆ ತಿರುಗುತ್ತದೆ, ಸರಪಳಿ ಗಲ್ಲಕ್ಕೆ ಬಿಗಿಯುತ್ತದೆ, ನೆತ್ತಿಯ ಪಟ್ಟಿಯೂ ಸ್ವಲ್ಪ ಕೆಳಗೆ ಜಗ್ಗುತ್ತದೆ. ಇದಕ್ಕೆ ಇಲ್ಲಿನ ಹೆಸರು ಕಂಡಾರೆ.

ಇಲ್ಲಿನ ಸ್ಪರ್ಧೆಗಳಲ್ಲಿ ಎಲ್ ಅನ್ನುವ ಮಟ್ಟ ಇದೆ, ಅಂದರೆ ಕೆಳಗಿನಿಂದ ಮೂರನೆಯದು. ಅದರಲ್ಲಿ ಎರಡು ಬಗೆ, ಎಲ್-ಟ್ರೆನ್ಸೆ ಮತ್ತು ಎಲ್-ಕಂಡಾರೆ. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಹೋಗುವುದು ಅಂದರೆ ಪಿಯುಸಿ ಮುಗಿಸಿ ಡಿಗ್ರಿಗೆ ಹೋದ ಹಾಗೆ. ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ, ಆದರೆ ಲಾಯದಲ್ಲಿ ಯಾರ ಕೊಕ್ಕೆಗೆ ನಾಲ್ಕು ಲಗಾಮು ನೇತಾಡುತ್ತಿದೆ ಅಂತ ಎಲ್ಲರೂ ನೋಡುತ್ತಾರೆ. ನಾನೂ ನೋಡುತ್ತಿದ್ದೆ. ಡಬಲ್ ತಗೊಳ್ಳುವ ನನ್ನ ನಿರ್ಧಾರಕ್ಕೆ ನಿಜವಾದ ಕಾರಣ ಇಷ್ಟೇ, ಅದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ.

ನಮ್ಮ ಮೇಷ್ಟ್ರಿಗೆ (ಎಪ್ಪತ್ತು ದಾಟಿದ ಜರ್ಮನ್ ಅಜ್ಜ, ನಾನು ಮನಸ್ಸಿನಲ್ಲಿ ಕರೆಯುವುದು ಮೇಷ್ಟ್ರು ಅಂತಲೇ) ಕೇಳಿದಾಗ "ಯಾಕೆ?" ಅಂದರು. "ಲೊಟ್ಟೆಗೆ ಮುಂಚೆ ಅಭ್ಯಾಸ ಇದೆ, ಓನರ್ ಹಾಕುತ್ತಿದ್ದರು" ಅಂದೆ. "ನಾನು ಕೇಳಿದ್ದು ಕುದುರೆಯ ವಿಷಯ ಅಲ್ಲ" ಅಂದರು. ಆಮೇಲೆ ಭುಜ ಕುಣಿಸಿ ಹೋದರು. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಿತ್ತು ನನಗೆ. ಸೆಕೆಂಡ್ ಹ್ಯಾಂಡಿನಲ್ಲಿ ಚೆನ್ನಾಗಿರುವ ಒಂದು ಸೆಟ್ ಸಿಕ್ಕಿತು, ತಗೊಂಡೆ.

ಮೊದಲ ವಾರ ಹೇಗಿತ್ತು ಗೊತ್ತಾ? ಸ್ವರ್ಗ. ಸ್ನ್ಯಾಫಲ್‌ನಲ್ಲಿ ಇಪ್ಪತ್ತು ನಿಮಿಷ ಬೆವರು ಸುರಿಸಿ, ಕಾಲಿನಿಂದ ಒತ್ತಿ, ಸುತ್ತು ಹೊಡೆಸಿ, ಆಮೇಲೆ ಲೊಟ್ಟೆ ಮನಸ್ಸು ಮಾಡಿ ಕತ್ತು ಇಳಿಸುತ್ತಿದ್ದಳು. ಇಲ್ಲಿ ಕಿರುಬೆರಳು ಮಡಚಿದರೆ ಸಾಕು, ಕತ್ತು ಬಾಗಿತು. ಪಟಪಟ ಅಂತ ಎಲ್ಲ ಆಗುತ್ತಿದೆ. ಅಮ್ಮನಿಗೆ ಕಳಿಸಿದ ಫೋಟೋ ಆ ವಾರದ್ದು. ಈಗ ಅದನ್ನು ದೊಡ್ಡದು ಮಾಡಿ ನೋಡಿದರೆ ಕಾಣುತ್ತದೆ, ಮೂಗು ಎದೆಯ ಕಡೆ ಸರಿದಿದೆ, ಕತ್ತಿನ ಎತ್ತರದ ಜಾಗ ನೆತ್ತಿ ಅಲ್ಲ, ಅದಕ್ಕಿಂತ ಒಂದು ಗೇಣು ಹಿಂದೆ, ಹಿಂಗಾಲುಗಳು ಎಲ್ಲೋ ಹಿಂದೆ ಉಳಿದುಬಿಟ್ಟಿವೆ. ನಿಯಮ ಪುಸ್ತಕದ ಪ್ರಕಾರ ನೆತ್ತಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಮೂಗು ನೇರ ಗೆರೆಗಿಂತ ತುಸು ಮುಂದಿರಬೇಕು. ನನ್ನ ಫೋಟೋದಲ್ಲಿ ಎರಡೂ ಇಲ್ಲ. ಬಿಲ್ಲಿನ ಹಾಗೆ ಬಾಗಿದೆ ಅಂತ ನಾನು ಖುಷಿಪಟ್ಟಿದ್ದು ಇದಕ್ಕೆ.

ಮೂರನೇ ವಾರ ಮೇಷ್ಟ್ರು ಮೈದಾನಕ್ಕೆ ಬಂದರು. ಐದು ನಿಮಿಷ ನೋಡಿ, "ಕೈ ಮುಂದಕ್ಕೆ ಕೊಡು" ಅಂದರು. ಇದೊಂದು ಹಳೆಯ ಪರೀಕ್ಷೆ. ಓಡುತ್ತಿರುವ ಕುದುರೆಯ ಕತ್ತಿನ ಮೇಲೆ ಎರಡೂ ಕೈಯನ್ನು ಮುಂದಕ್ಕೆ ಸರಿಸಿ, ಎರಡು ಮೂರು ಹೆಜ್ಜೆ ಲಗಾಮು ಸಡಿಲ ಬಿಡಬೇಕು. ಕುದುರೆ ತನ್ನನ್ನು ತಾನೇ ಹೊತ್ತುಕೊಂಡಿದ್ದರೆ ಏನೂ ಬದಲಾಗುವುದಿಲ್ಲ, ಅದೇ ತಾಳ, ಅದೇ ಭಂಗಿ. ನಾನು ಕೊಟ್ಟೆ. ಲೊಟ್ಟೆ ಮೊದಲು ತಲೆ ಎತ್ತಿ ಒಗೆದಳು, ಆಮೇಲೆ ಮುಗ್ಗರಿಸಿದ ಹಾಗೆ ಮುಂದಕ್ಕೆ ಓಡಿದಳು, ನಾನು ಜೀನಿನ ಮುಂದಕ್ಕೆ ಬಂದು ಬಿದ್ದೆ. ಮೇಷ್ಟ್ರು ಏನೂ ಹೇಳಲಿಲ್ಲ. "ಹಲ್ಲಿನ ಡಾಕ್ಟರು ಯಾವಾಗ ಬರುವುದು?" ಅಂತ ಮಾತ್ರ ಕೇಳಿದರು.

ಲೆಕ್ಕ ಹಾಕಬೇಕಿತ್ತು ನಾನು, ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕರ್ಬ್ ಅಂದರೆ ಹಾರೆ ಇದ್ದ ಹಾಗೆ, ಸನ್ನೆಗೋಲು. ಬಾಯೊಳಗಿನ ಕಂಬಿಯಿಂದ ಮೇಲಕ್ಕೆ 5 ಸೆಂ.ಮೀ., ಕೆಳಕ್ಕೆ 10 ಸೆಂ.ಮೀ. ಇದೆ ಅಂದುಕೊಳ್ಳಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಕೆಳಗಿನ ಕಾಲು 10ಕ್ಕಿಂತ ಉದ್ದ ಇರುವಂತಿಲ್ಲ. ಕೆಳತುದಿಗೆ 1 ಕೆ.ಜಿ. ಬಲ ಹಾಕಿದರೆ ಮೇಲ್ತುದಿಯ ಸರಪಳಿ ಗಲ್ಲವನ್ನು 2 ಕೆ.ಜಿ. ಬಲದಲ್ಲಿ ಒತ್ತುತ್ತದೆ. ಎರಡೂ ಸೇರಿ ಬಾಯೊಳಗಿನ ಕಂಬಿಯ ಮೇಲೆ 3. ನೆತ್ತಿಯ ಪಟ್ಟಿಯ ಪಾಲು ಬಿಟ್ಟು ಹೇಳುತ್ತಿದ್ದೇನೆ, ಸುಮ್ನೆ ಅಂದಾಜಿಗೆ. ಅಂದರೆ ದವಡೆ ಇಕ್ಕಳದಲ್ಲಿ ಸಿಕ್ಕ ಅಡಿಕೆ. ನನ್ನದು ಇಲ್ಲಿನವರು "ಬೇಬಿ" ಅನ್ನುವ ಚಿಕ್ಕ ಕರ್ಬ್, ಕೆಳಕ್ಕೂ 5 ಸೆಂ.ಮೀ. ಮಾತ್ರ. ಆದರೂ ಬಾಯಿಗೆ ಹೋಗುವುದು ಎರಡರಷ್ಟು.

ಈ ಎರಡರಷ್ಟು ಅನ್ನುವುದು ಒಳ್ಳೆಯ ಕೈಗೂ ಎರಡರಷ್ಟೇ, ಕೆಟ್ಟ ಕೈಗೂ ಎರಡರಷ್ಟೇ. ನನ್ನ ಎಡಗೈ ಕೆಟ್ಟದ್ದು. ಬೆಂಗಳೂರಿನಲ್ಲಿ ಆರು ವರ್ಷ ಗೇರಿಲ್ಲದ ಸ್ಕೂಟರ್ ಓಡಿಸಿದ್ದೇನೆ, ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ. ಅದರಲ್ಲಿ ಹಿಂದಿನ ಚಕ್ರದ ಬ್ರೇಕು ಎಡಗೈಗೆ. ಆ ರಸ್ತೆಯಲ್ಲಿ ಆ ಬ್ರೇಕನ್ನು ಬಿಟ್ಟವರು ಯಾರಿದ್ದಾರೆ ಹೇಳಿ. ಇವತ್ತಿಗೂ ಗಾಬರಿಯಾದರೆ ನನ್ನ ಎಡಗೈ ಮುಷ್ಟಿಯಾಗುತ್ತದೆ. ಸ್ನ್ಯಾಫಲ್‌ನಲ್ಲಿ ಲೊಟ್ಟೆ ಅದನ್ನು ಸಹಿಸಿಕೊಂಡಿದ್ದಳು, ಅಥವಾ ಎಡಕ್ಕೆ ವಾಲಿ ತೋರಿಸುತ್ತಿದ್ದಳು.

ಹಲ್ಲಿನ ಡಾಕ್ಟರು ಬಂದಿದ್ದು ನವೆಂಬರ್ ಕೊನೆಗೆ. ವರ್ಷಕ್ಕೊಮ್ಮೆ ಬರುತ್ತಾರೆ, ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿ ಅಗಲಿಸುವ ಸಾಧನ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು ಒಳಗೆ ನೋಡುತ್ತಾರೆ. ನೋಡಿ ನನ್ನನ್ನು ಕರೆದರು. ಎಡಗಡೆ, ಆ ಹಲ್ಲಿಲ್ಲದ ಜಾಗದ ಮೇಲೆ, ಹುರುಳಿ ಕಾಳಿನಷ್ಟು ಒಂದು ಕೆಂಪು ಹುಣ್ಣು. ಬಲಗಡೆ ಏನೂ ಇಲ್ಲ. ಅದು ನನ್ನ ಎಡಗೈಯ ಸಹಿ.

ಅಲ್ಲೇ ನಿಂತು ಅತ್ತೆ ಅಂತ ಹೇಳಿದರೆ ನಾಟಕ ಅನ್ನಿಸಬಹುದು, ಅಳಲಿಲ್ಲ. ಆದರೆ ರಾತ್ರಿ ಊಟ ಇಳಿಯಲಿಲ್ಲ.

ಡಾಕ್ಟರು ಇನ್ನೊಂದು ವಿಷಯ ತೋರಿಸಿದರು, ಅದು ಇವತ್ತಿನ ಬರಹಕ್ಕೆ ಮುಖ್ಯ. ಲೊಟ್ಟೆಯ ನಾಲಿಗೆ ದಪ್ಪ, ಮೇಲಿನ ಅಂಗುಳ ತಗ್ಗು. ಬಾಯಿ ಮುಚ್ಚಿದರೆ ನಾಲಿಗೆಯೇ ಇಡೀ ಬಾಯಿ ತುಂಬುತ್ತದೆ. ನಾವು ಕುದುರೆಯ ಅಷ್ಟುದ್ದ ತಲೆ ನೋಡಿ ಒಳಗೆ ಬೇಕಾದಷ್ಟು ಜಾಗ ಇದೆ ಅಂದುಕೊಳ್ಳುತ್ತೇವೆ. ಇರುವುದಿಲ್ಲ. ನಿಯಮದ ಪ್ರಕಾರ ಕರ್ಬಿನ ಕಂಬಿ ಕನಿಷ್ಠ 12 ಮಿ.ಮೀ. ದಪ್ಪ ಇರಬೇಕು, ಬ್ರಿಡೂನ್ ಕನಿಷ್ಠ 10. ಎರಡೂ ಸೇರಿ 22 ಮಿ.ಮೀ. ಕಬ್ಬಿಣ ಹೋಗಿ ಕೂರಬೇಕು, ನಾಲಿಗೆಯೂ ಅಲ್ಲೇ ಇರಬೇಕು. ಹಾಗಾದರೆ ತೆಳ್ಳಗಿನದ್ದು ಹಾಕೋಣ ಅಂದರೆ, ತೆಳ್ಳಗಾದಷ್ಟೂ ಚೂಪು. ಟೊಳ್ಳು ದೊಡ್ಡದಿರುವ ಬಾಯಿಗೆ ಸುಖವಾಗಿ ಹಿಡಿಸುವ ಸೆಟ್ ಇವಳ ಬಾಯಿಗೆ ಹಿಡಿಸುವುದಿಲ್ಲ. ಸ್ನ್ಯಾಫಲೋ ಡಬಲೋ ಅಂತ ಜನ ಇಂಟರ್ನೆಟ್ಟಿನಲ್ಲಿ ದಿನಗಟ್ಟಲೆ ಕಿತ್ತಾಡುತ್ತಾರೆ, ಅದರಲ್ಲಿ ಅರ್ಧ ಜನ ತಮ್ಮ ಕುದುರೆಯ ಬಾಯನ್ನು ದೀಪ ಹಾಕಿ ಒಮ್ಮೆಯೂ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ.

ಇನ್ನೂ ಒಂದು ತಪ್ಪು ಸಿಕ್ಕಿತು. ಬ್ರಿಡೂನ್ ಕರ್ಬಿಗಿಂತ ಅರ್ಧ ಸೆಂಟಿಮೀಟರಿನಷ್ಟು ಅಗಲ ಇರಬೇಕು, ಇಲ್ಲದಿದ್ದರೆ ಕರ್ಬಿನ ಕಾಲಿಗೆ ತಾಗುತ್ತದೆ. ನಾನು ಹಾಕಿದ್ದು ಅದಕ್ಕಿಂತ ಒಂದು ಸೈಜು ದೊಡ್ಡದು, ಕೀಲು ಮಡಚಿ ಮೇಲಕ್ಕೆ ಚುಚ್ಚುತ್ತಿತ್ತು. ಸರಪಳಿಯನ್ನೂ ಒಂದು ಕೊಂಡಿ ಬಿಗಿ ಕಟ್ಟಿದ್ದೆ. ಲಗಾಮು ಹಿಡಿದಾಗ ಕರ್ಬಿನ ಕಾಲು ಸುಮಾರು 45 ಡಿಗ್ರಿಯ ತನಕ ತಿರುಗಿ ನಿಲ್ಲಬೇಕು. ಅದಕ್ಕಿಂತ ಜಾಸ್ತಿ ತಿರುಗಿದರೆ ಸರಪಳಿ ಸಡಿಲ, ಕಡಿವಾಣ ಸುಮ್ಮನೆ ಜೋಲಾಡುತ್ತದೆ. ಅಲ್ಲಾಡದೆ ಸೆಟೆದು ನಿಂತರೆ ಬಿಗಿ, ಹಿಡಿದ ತಕ್ಷಣ ಕಚ್ಚುತ್ತದೆ. ನನ್ನದು ಸೆಟೆದು ನಿಂತ ಜಾತಿ. ಮೊದಲ ವಾರದ ಆ ಸ್ವರ್ಗ ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು.

ಮೂರು ವಾರ ಬಾಯಿಗೆ ಏನೂ ಇಲ್ಲ, ಬರೀ ಕೈಯಲ್ಲಿ ಹಗ್ಗ ಹಿಡಿದು ಕಾಡಿನಲ್ಲಿ ನಡೆಸಿದೆ. ಆಮೇಲೆ ಸ್ನ್ಯಾಫಲ್, ಎರಡು ಕೀಲಿನದ್ದು, 14 ಮಿ.ಮೀ. ದಪ್ಪ. ಮೇಷ್ಟ್ರು ಒಂದು ಕೆಲಸ ಹೇಳಿದರು: ಎಡಗೈಯ ಲಗಾಮನ್ನು ಇಸ್ತ್ರಿ ಪೆಟ್ಟಿಗೆ ಹಿಡಿದ ಹಾಗೆ ಹಿಡಿಯಬೇಡ, ಹೆಬ್ಬೆರಳಿನಿಂದ ಮಾತ್ರ ಒತ್ತು, ಉಳಿದ ಬೆರಳು ಉಸಿರಾಡಲಿ. ಎರಡು ತಿಂಗಳು ಇದೊಂದೇ. ಬೇಜಾರಿನ ಕೆಲಸ, ಬರೆಯುವುದಕ್ಕೂ ಏನಿಲ್ಲ. ಜನವರಿಯ ಚಳಿಯಲ್ಲಿ ಒಂದು ದಿನ ಕೈ ಮುಂದಕ್ಕೆ ಕೊಟ್ಟಾಗ ಲೊಟ್ಟೆ ಮೂಗನ್ನು ಒಂದಿಷ್ಟು ಮುಂದೆ ಚಾಚಿ, ಬೆನ್ನು ಎತ್ತಿ, ಅದೇ ತಾಳದಲ್ಲಿ ಹೋದಳು. ಮೂರು ಹೆಜ್ಜೆ. ಮೇಷ್ಟ್ರು ಆ ಕಡೆ ತಿರುಗಿ ಯಾರ ಜೊತೆಗೋ ಮಾತಾಡುತ್ತಿದ್ದರು, ನೋಡಲೇ ಇಲ್ಲ.

ಇಷ್ಟು ಓದಿದವರು ಡಬಲ್ ಬ್ರೈಡಲ್ ಅಂದರೆ ಹಿಂಸೆ, ಅದನ್ನು ನಿಷೇಧಿಸಬೇಕು ಅನ್ನುವ ತೀರ್ಮಾನಕ್ಕೆ ಬಂದರೆ ನಾನು ಅಲ್ಲಿ ಇಲ್ಲ. ಯಾಕೆ ಅಂದರೆ ಒಂದು ಸಲ ಮೇಷ್ಟ್ರು ತಮ್ಮ ಮುದಿ ಕುದುರೆಯ ಮೇಲೆ ನನ್ನನ್ನು ಹತ್ತಿಸಿದ್ದರು. ಅದು ಗ್ರಾಂ ಪ್ರಿ, ಅಂದರೆ ಡ್ರೆಸಾಜಿನ ಎಲ್ಲಕ್ಕಿಂತ ಮೇಲಿನ ಮಟ್ಟದ ತನಕ ಹೋದ ಗಂಡು, ಈಗ 19 ವರ್ಷ. ಡಬಲ್ ಹಾಕಿತ್ತು. ಕರ್ಬಿನ ಲಗಾಮು ಸ್ವಲ್ಪ ಜೋತುಬಿದ್ದಿರಲಿ, ಬ್ರಿಡೂನಿನಲ್ಲೇ ಓಡಿಸು ಅಂದರು. ಹಾಗೇ ಮಾಡಿದೆ. ಒಂದು ತಿರುವಿಗೆ ಮುಂಚೆ ಉಂಗುರದ ಬೆರಳು ತುಸು ಮುಚ್ಚಿದ್ದಷ್ಟೇ, ಎಳೆದಿದ್ದಲ್ಲ, ಆ ಮುದುಕ ನನ್ನ ಕೆಳಗೆ ಕುಳಿತ. ನಿಜವಾಗಿ ಕುಳಿತ. ಹಿಂಭಾಗ ತಗ್ಗಿತು, ಮುಂಭಾಗ ಹಗುರವಾಯಿತು, ಕ್ಯಾಂಟರ್ (ನೆಗೆನೆಗೆದು ಓಡುವ ಓಟ) ಒಂದೇ ಜಾಗದಲ್ಲಿ ಉಯ್ಯಾಲೆ ತೂಗಿದ ಹಾಗೆ. ಪಿಸುಮಾತಿಗೆ ಉತ್ತರ ಬಂದ ಹಾಗಿತ್ತು. ಆ ಅನುಭವವನ್ನು ನಾನು ಸುಳ್ಳು ಅನ್ನುವುದಿಲ್ಲ. ಆಮೇಲೆ ಮೇಷ್ಟ್ರು ಇಳಿಸಿ, ಬ್ರೈಡಲ್ ಬಿಚ್ಚಿ, ಸ್ನ್ಯಾಫಲ್ ಹಾಕಿ ಮತ್ತೆ ಹತ್ತು ಅಂದರು. ಕೈಗೆ ತುಸು ಜಾಸ್ತಿ ಭಾರ ಬಂತು, ಅಷ್ಟೇ. ಕುದುರೆ ಹಾಗೇ ಕುಳಿತ. ಅವನು ಕಲಿತಿದ್ದು ಹಿಂಗಾಲಿನಲ್ಲಿತ್ತು, ಬಾಯಿಯಲ್ಲಿ ಅಲ್ಲ.

ಕರ್ಬ್ ಇಷ್ಟು ದೊಡ್ಡ ಮರ್ಯಾದೆಗೆ ಬಂದಿದ್ದು ಯುದ್ಧದಿಂದ. ಒಂದು ಕೈಯಲ್ಲಿ ಖಡ್ಗವೋ ಈಟಿಯೋ ಇರುವಾಗ ಇನ್ನೊಂದೇ ಕೈಯಲ್ಲಿ ಕುದುರೆಯನ್ನು ನಿಲ್ಲಿಸಬೇಕು, ತಿರುಗಿಸಬೇಕು, ಅದಕ್ಕೆ ಸನ್ನೆಗೋಲು ಬೇಕೇ ಬೇಕು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ನಾನು ಅದರ ಪಕ್ಕದಲ್ಲೇ ಎಷ್ಟೋ ಸಲ ಹೋಗಿದ್ದರೂ ತಲೆ ಎತ್ತಿ ನೋಡಿದ್ದಿಲ್ಲ. 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರದವರ ಜೊತೆ ಈಟಿ ಹಿಡಿದು ನುಗ್ಗಿದ್ದು ಆ ನಮ್ಮ ಸವಾರರು, ಎದುರಿಗೆ ಮಷಿನ್ ಗನ್. ಆಮೇಲೆ ಆ ಪಡೆ ಜೈಪುರದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಅಂಥವರಿಗೆ ಕೈ ಖಾಲಿ ಇರಲಿಲ್ಲ. ನನಗೆ ಎರಡೂ ಕೈ ಖಾಲಿ ಇದೆ.

ಒಲಿಂಪಿಕ್ಸಿನಲ್ಲಿ ಡ್ರೆಸಾಜ್ 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಶುರುವಾದದ್ದು, ಅದೂ ಸೇನಾಧಿಕಾರಿಗಳ ಆಟವಾಗಿ. 1948ರಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತ್ತು, ಆಮೇಲೆ ತಂಡದಲ್ಲಿದ್ದ ಒಬ್ಬ ನಿಜವಾದ ಅಧಿಕಾರಿ ಅಲ್ಲ, ಬರೀ ಸಾರ್ಜೆಂಟು, ಸ್ಪರ್ಧೆಗೋಸ್ಕರ ಬಡ್ತಿ ಕೊಟ್ಟಿದ್ದರು ಅಂತ ಗೊತ್ತಾಗಿ ಪದಕ ಕಿತ್ತುಕೊಂಡರು. ಚೆನ್ನಾಗಿ ಓಡಿಸಿದ್ದನಾ ಇಲ್ವಾ ಅನ್ನುವುದು ಯಾರಿಗೂ ಬೇಕಿರಲಿಲ್ಲ. 1952ರಲ್ಲಿ ನಾಗರಿಕರಿಗೂ ಹೆಂಗಸರಿಗೂ ಬಾಗಿಲು ತೆರೆಯಿತು. ಅದೇ ವರ್ಷ ಪೋಲಿಯೋದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಸೈನ್ಯ ಹೋಯಿತು, ಸೈನ್ಯದ ಕಡಿವಾಣ ಮಾತ್ರ ಉಳಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲೂ ಡ್ರೆಸಾಜ್ ಸವಾರರಿಗೆ ಡಬಲ್ ಬ್ರೈಡಲ್ ಕಡ್ಡಾಯವಾಗಿತ್ತು.

ತಮಾಷೆ ಏನು ಅಂದರೆ ಅದೇ ಒಲಿಂಪಿಕ್ಸಿನ ಈವೆಂಟಿಂಗ್‌ನಲ್ಲಿ ಆಯ್ಕೆ ಇದೆ. ಡ್ರೆಸಾಜ್, ಬಯಲಿನ ಓಟ, ಜಿಗಿತ ಮೂರೂ ಇರುವ ಆಟ ಅದು. ಅಲ್ಲೂ ಮೊದಲ ದಿನ ಡ್ರೆಸಾಜ್ ಮಾಡಬೇಕು, ಸ್ನ್ಯಾಫಲ್ ಹಾಕಿಕೊಂಡು ಬಂದರೂ ಸರಿ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋದಲ್ಲಿ ಡ್ರೆಸಾಜ್ ಮುಗಿದಾಗ 28 ಪೆನಾಲ್ಟಿ ಅಂಕಗಳೊಂದಿಗೆ 9ನೇ ಸ್ಥಾನದಲ್ಲಿದ್ದರು, ಕೊನೆಗೆ 23ನೇ ಸ್ಥಾನ. ಇಪ್ಪತ್ತು ವರ್ಷದ ಮೇಲೆ ಒಲಿಂಪಿಕ್ಸಿನಲ್ಲಿ ಒಬ್ಬ ಭಾರತೀಯ ಸವಾರ. ಗುಡ್ಡ, ಹಳ್ಳ, ಬೇಲಿ ಹಾರುವ, ರಕ್ತ ಕುದಿಯುತ್ತಿರುವ ಕುದುರೆಗಳಿಗೆ ಒಂದು ಕಬ್ಬಿಣ ಸಾಕು ಅಂತ ನಿಯಮ ಒಪ್ಪುತ್ತದೆ. ಹುಟ್ಟಿನಿಂದ ಡ್ರೆಸಾಜ್ ಒಂದನ್ನೇ ಕಲಿತ ಕುದುರೆಗೆ ಎರಡು ಬೇಕೇ ಬೇಕಂತೆ. ಇದರ ತರ್ಕವನ್ನು ಯಾರಾದರೂ ನನಗೆ ಬಿಡಿಸಿ ಹೇಳಿದರೆ ಕಾಫಿ ಕೊಡಿಸುತ್ತೇನೆ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ರಾಷ್ಟ್ರ ಮಟ್ಟದ ಸ್ಪರ್ಧೆಗಳಲ್ಲಿ ಗ್ರಾಂ ಪ್ರಿ ತನಕ ಸ್ನ್ಯಾಫಲ್‌ನಲ್ಲಿ ಹೋಗಬಹುದು, ಅಲ್ಲಿ ಆಕಾಶವೇನೂ ಕಳಚಿ ಬಿದ್ದಿಲ್ಲ.

ಕಡ್ಡಾಯ ಮಾಡುವವರ ವಾದವೂ ಸುಮ್ಮನೆ ಅಲ್ಲ. ಡಬಲ್ ಹಾಕಿಯೂ ಬಾಯಿ ಮೆತ್ತಗೆ, ಶಾಂತವಾಗಿ ಇಟ್ಟುಕೊಂಡ ಕುದುರೆಯೇ ಪೂರ್ತಿ ತಯಾರಾದ ಕುದುರೆ, ಅದು ಸವಾರನ ಕೈಗೆ ಪರೀಕ್ಷೆ ಅನ್ನುತ್ತಾರೆ. ಒಪ್ಪಿದೆ. ಆದರೆ ಪರೀಕ್ಷೆಯಲ್ಲಿ ಫೇಲ್ ಆದಾಗ ನೋವು ಯಾರಿಗೆ ಅನ್ನುವುದು ಪ್ರಶ್ನೆ. 2009ರಲ್ಲಿ ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಸ್ಪರ್ಧೆಯ ತಯಾರಿ ಮೈದಾನದಲ್ಲಿ ಒಂದು ಕುದುರೆಯ ನಾಲಿಗೆ ನೀಲಿಯಾಗಿ ಹೊರಗೆ ಜೋತಿದ್ದ ವಿಡಿಯೋ ಜಗತ್ತೆಲ್ಲ ಓಡಾಡಿತು. ಮರುವರ್ಷ ಲೋಸಾನಿನಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಸಭೆ ಕೂಡಿಸಿ, ಬಲವಂತವಾಗಿ ಕತ್ತು ಮಡಚಿಸುವುದನ್ನು ಒಪ್ಪುವುದಿಲ್ಲ ಅಂತ ಹೇಳಬೇಕಾಯಿತು. ಬಾಯಿ ತೆರೆದರೆ ಅಂಕ ಹೋಗುತ್ತದೆ ಅಂತ ಮೂಗಿನ ಪಟ್ಟಿಯನ್ನು ಬಿಗಿದು ಕಟ್ಟುವವರೂ ಇದ್ದರು. ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು ಅನ್ನುವ ಮಾತು ಹಳೆಯದು, ಆದರೆ ಯಾರ ಬೆರಳು? 2025ರಿಂದ ಅದಕ್ಕೂ ಒಂದು ಅಳತೆಯ ಸಾಧನ ಬಂತು.

ಮನೆಯಲ್ಲಿ ಈ ಮಾತು ಬಂದಾಗ ಅಪ್ಪ ಕಂಬಳದ ಉದಾಹರಣೆ ಎತ್ತುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ನಿಂತಾಗ ನಮ್ಮೂರೆಲ್ಲ ಕುದಿಯುತ್ತಿತ್ತು, ಪಟ್ಟಣದವರಿಗೆ ಕೋಣದ ಬಗ್ಗೆ ಎಂತ ಗೊತ್ತು ಅಂತ. ಆಮೇಲೆ ಕಾನೂನಿಗೆ ತಿದ್ದುಪಡಿ ಬಂತು, 2023ರಲ್ಲಿ ಕೋರ್ಟೂ ಒಪ್ಪಿತು. ಅಷ್ಟರಲ್ಲಿ ಬೆತ್ತದ ಬಗ್ಗೆ, ಹೊಡೆತದ ಬಗ್ಗೆ ಮೊದಲು ಯಾರೂ ಮಾತಾಡದಿದ್ದ ಮಾತುಗಳನ್ನು ಕೋಣದ ಯಜಮಾನರೇ ಆಡಲು ಶುರುಮಾಡಿದ್ದರು. ಇಲ್ಲಿನ ಡ್ರೆಸಾಜ್ ಜನ ಈಗ ಅದೇ ಬಿಸಿಯಲ್ಲಿ ಕೂತಿದ್ದಾರೆ. ಅವರ ಮುಖ ನೋಡಿದಾಗ ನನಗೆ ನಮ್ಮೂರಿನ ಆ ದಿನಗಳೇ ನೆನಪಾಗುತ್ತವೆ. ಅದೇ ಸಿಟ್ಟು, ಅದೇ "ಹೊರಗಿನವರಿಗೆ ಎಂತ ಗೊತ್ತು."

ಯಾವುದು ಹಾಕಲಿ ಅಂತ ನನ್ನನ್ನು ಕೇಳುವ ಹೊಸಬರಿಗೆ ನಾನು ಈಗ ಹೇಳುವುದು ಇಷ್ಟೇ. ಹಲ್ಲಿನ ಡಾಕ್ಟರಿಗೆ ಬಾಯೊಳಗಿನ ಜಾಗ ಎಷ್ಟಿದೆ ಅಂತ ಕೇಳಿ, ಫೋಟೋ ತೆಗೆಸಿಕೊಳ್ಳಿ. ಸ್ನ್ಯಾಫಲ್‌ನಲ್ಲಿ ಕೈ ಮುಂದಕ್ಕೆ ಕೊಟ್ಟು ನೋಡಿ, ಟ್ರಾಟ್‌ನಲ್ಲೂ (ಕುಕ್ಕುಲೋಟ) ಕ್ಯಾಂಟರ್‌ನಲ್ಲೂ. ಅಲ್ಲಿ ಬೀಳುವ ಕುದುರೆಗೆ ಡಬಲ್ ಹಾಕಿದರೆ ಬೀಳುವುದು ಕಾಣದ ಹಾಗೆ ಆಗುತ್ತದೆ, ಅಷ್ಟೇ. ಇನ್ನು ಕುದುರೆ ಎಳೆಯುತ್ತದೆ, ಹಿಡಿಯಲು ಆಗುತ್ತಿಲ್ಲ, ಅದಕ್ಕೆ ಡಬಲ್ ಅನ್ನುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ, ಬ್ರೇಕ್ ಬೇಕಾದವರು ಸ್ಕೂಟರ್ ತಗೊಳ್ಳಲಿ. ಇದೆಲ್ಲ ಸರಿ ಇದ್ದು, ಕುದುರೆಯ ಬಾಯಿಗೆ ಹಿಡಿಸುವ ಸೆಟ್ ಸಿಕ್ಕಿ, ನಾಲ್ಕು ಲಗಾಮು ಬೇರೆ ಬೇರೆ ಹಿಡಿಯಲು ಬೆರಳಿಗೆ ಬರುತ್ತಿದ್ದರೆ, ಧಾರಾಳವಾಗಿ ಹಾಕಿ ನೋಡಿ. ವಾರಕ್ಕೊಂದು ದಿನ. ಉಳಿದ ದಿನ ಸ್ನ್ಯಾಫಲ್.

ನಾನು ಈ ವರ್ಷ ಎಲ್-ಟ್ರೆನ್ಸೆಯಲ್ಲೇ ಇದ್ದೇನೆ. ಮೇ ತಿಂಗಳ ಸ್ಪರ್ಧೆಯಲ್ಲಿ ಹತ್ತಕ್ಕೆ 6.8 ಬಂತು, ಹನ್ನೆರಡು ಜನರಲ್ಲಿ ಐದನೆಯವಳು. ತೀರ್ಪುಗಾರರು ಎಡ ತಿರುವಿನಲ್ಲಿ ಕೈ ಇನ್ನೂ ಗಟ್ಟಿ ಅಂತ ಬರೆದಿದ್ದರು. ಗೊತ್ತು ಮಾರಾಯರೇ.

ಡಬಲ್ ಬ್ರೈಡಲ್ ಮಾರಿಲ್ಲ. ಚರ್ಮಕ್ಕೆ ತಿಂಗಳಿಗೊಮ್ಮೆ ಸೋಪು ಹಾಕಿ ಒರೆಸಿ ಅದೇ ಕೊಕ್ಕೆಗೆ ನೇತು ಹಾಕುತ್ತೇನೆ. ಸರಪಳಿ ಮಾತ್ರ ಅದರಲ್ಲಿ ಇಲ್ಲ. ಲೊಟ್ಟೆ ಮೂತಿಯಿಂದ ಬಾಗಿಲ ಚಿಲಕ ಸರಿಸಿ ರಾತ್ರಿ ಹೊರಗೆ ಬಂದು, ಪಕ್ಕದ ಕುದುರೆಯ ಹುಲ್ಲು ತಿಂದು, ಬೆಳಗ್ಗೆ ಏನೂ ಗೊತ್ತಿಲ್ಲದವಳ ಹಾಗೆ ನಿಂತಿರುತ್ತಿದ್ದಳು. ಆ ಸರಪಳಿಯನ್ನು ಚಿಲಕಕ್ಕೆ ಸುತ್ತಿ ಕೊಕ್ಕೆ ಹಾಕಿದ್ದೇನೆ, ಅಳತೆ ಸರಿಯಾಗಿ ಕೂತಿದೆ. ಮೊನ್ನೆ ಹೋದಾಗ ನೋಡಿದೆ, ಮೇಲ್ದುಟಿಯಿಂದ ಒಂದು ಕೊಂಡಿ ಬಿಚ್ಚಿದ್ದಾಳೆ.